ಗಂಟಲಿಗೆ ಹತ್ತುವ ಎಣ್ಣೆ ಮತ್ತು ಕ್ಯಾನ್ಸರ್ ಚಿಕಿತ್ಸೆ

ಕೇಳುಗರಿಗೆಲ್ಲ ನಮಸ್ಕಾರ. ಆಲಿವ್ ಎಣ್ಣೆ ಕ್ಯಾನ್ಸರನ್ನು ಗುಣಪಡಿಸುತ್ತದೆಯೇ, ಚಿಕಿತ್ಸೆಯ ಜೊತೆಗೆ ಅದನ್ನು ಬಳಸಬಹುದೇ ಎಂದು ಇವತ್ತು ನೋಡೋಣ.

ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್, ಅಂದರೆ ಹಣ್ಣಿನಿಂದ ಹಿಂಡಿ ತೆಗೆದು ಶುದ್ಧೀಕರಿಸದೆ ಬಿಟ್ಟ ಆಲಿವ್ ಎಣ್ಣೆಯನ್ನು ಒಂದು ಚಮಚ ಹಾಗೇ ಕುಡಿದರೆ ಗಂಟಲಲ್ಲಿ ಘಾಟು ಹತ್ತಿ ಕೆಮ್ಮು ಬರುತ್ತದೆ. 1999ರಲ್ಲಿ ಇಟಲಿಯ ಸಿಸಿಲಿಗೆ ಹೋಗಿದ್ದ ಅಮೆರಿಕದ ವಿಜ್ಞಾನಿ ಗ್ಯಾರಿ ಬೋಶಾಂಪ್ ಅವರಿಗೂ ಹೀಗೇ ಆಯಿತು. ರುಚಿ, ವಾಸನೆಗಳ ಸಂಶೋಧನೆ ಅವರ ಕಸುಬು. ನೋವಿನ ಔಷಧಿ ಐಬುಪ್ರೊಫೆನ್ ಗಂಟಲಿಗೆ ಹೇಗೆ ಹತ್ತುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದೂ ಅದೇ ಥರ ಇದೆಯಲ್ಲ ಅನ್ನಿಸಿತು. ಸುಮ್ನೆ ಬಿಡಲಿಲ್ಲ. ಘಾಟಿನ ಮೂಲವನ್ನು ಅವರ ತಂಡ ಹುಡುಕಿ, ಓಲಿಯೋಕ್ಯಾಂಥಾಲ್ ಎಂದು ಹೆಸರಿಟ್ಟು, 2005ರಲ್ಲಿ ಪ್ರಕಟಿಸಿತು. ಉರಿಯೂತಕ್ಕೆ ಕಾರಣವಾಗುವ ಕಿಣ್ವಗಳನ್ನು ಐಬುಪ್ರೊಫೆನ್ ತಡೆಯುವಂತೆ ಇದೂ ತಡೆಯುತ್ತದೆ. ಆದರೆ ಅಳತೆ ನೋಡಿ. ದಿನಕ್ಕೆ 50 ಗ್ರಾಂ ಎಣ್ಣೆ ಹೊಟ್ಟೆಗೆ ಹೋದರೂ, ಅದು ದೊಡ್ಡವರಿಗೆ ಕೊಡುವ ಐಬುಪ್ರೊಫೆನ್‌ನ ಹತ್ತನೇ ಒಂದು ಪಾಲಿಗೆ ಸಮ, ಅಷ್ಟೇ.

ಕ್ಯಾನ್ಸರ್ ವಿಷಯ ಬಂದದ್ದು ಆಮೇಲೆ. 2015ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಸಂಶೋಧಕರು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಓಲಿಯೋಕ್ಯಾಂಥಾಲ್ ಹಾಕಿದರು. ಜೀವಕೋಶದೊಳಗೆ ಕಸ ಕರಗಿಸುವ ಚೀಲಗಳಿರುತ್ತವೆ. ಅವು ಸೋರಿ, ಒಂದು ಗಂಟೆಯೊಳಗೆ ಆ ಕೋಶಗಳು ಸತ್ತವು. ಆರೋಗ್ಯವಂತ ಕೋಶಗಳು ಮಾತ್ರ ಉಳಿದುಕೊಂಡವು. ಕೇಳಿದರೆ ರೋಮಾಂಚನ, ಅಲ್ವಾ? ಆದರೆ ಗಾಜಿನ ತಟ್ಟೆಯಲ್ಲಿ ಔಷಧಿ ನೇರ ಕೋಶದ ಮೇಲೆಯೇ ಬೀಳುತ್ತದೆ. ನಾವು ತಿಂದದ್ದು ಜಠರ, ಕರುಳು, ಯಕೃತ್ತು ದಾಟಿ, ರಕ್ತದಲ್ಲಿ ಬೆರೆತು, ಗಡ್ಡೆಯ ತನಕ ಎಷ್ಟು ತಲುಪೀತು?

ಸ್ಪೇನ್‌ನಲ್ಲಿ ಮನುಷ್ಯರ ಮೇಲೆಯೇ ಒಂದು ದೊಡ್ಡ ಅಧ್ಯಯನ ನಡೆದಿದೆ. 60ರಿಂದ 80 ವಯಸ್ಸಿನ 4,282 ಹೆಂಗಸರು ಅದರಲ್ಲಿದ್ದರು. ಒಂದು ಗುಂಪಿನ ಮನೆಗಳಿಗೆ ವಾರಕ್ಕೆ ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಕೊಟ್ಟರು. ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಗಣನೀಯವಾಗಿ ಕಡಿಮೆ ಕಂಡಿತು. ಒಳ್ಳೆಯ ಸುದ್ದಿಯೇ. ಆದರೆ ಇಡೀ ಅಧ್ಯಯನದಲ್ಲಿ ಕ್ಯಾನ್ಸರ್ ಬಂದದ್ದು 35 ಜನರಿಗೆ ಮಾತ್ರ. ಇಷ್ಟು ಸಣ್ಣ ಸಂಖ್ಯೆಯಿಂದ ಜಾಸ್ತಿ ಏನನ್ನೂ ಸಾಧಿಸಲಾಗದು. ಅಲ್ಲದೆ ಅವರು ಕ್ಯಾನ್ಸರ್ ಇಲ್ಲದೆ ಸೇರಿಕೊಂಡವರು. ಕಾಯಿಲೆ ಬರದಂತೆ ನೋಡಿಕೊಳ್ಳುವುದು ಬೇರೆ, ಬಂದದ್ದನ್ನು ಗುಣಪಡಿಸುವುದು ಬೇರೆ.

ಗಿಡದಿಂದ ಕ್ಯಾನ್ಸರ್ ಔಷಧಿ ಬರುವುದೇ ಇಲ್ಲ ಎಂದಲ್ಲ. ನಮ್ಮ ಮನೆಯಂಗಳದ ಕಾಶಿಕಣಗಿಲೆಯಿಂದ ವಿನ್‌ಕ್ರಿಸ್ಟಿನ್ ತೆಗೆಯುತ್ತಾರೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಅದನ್ನು ಇಂದಿಗೂ ಕೊಡುತ್ತಾರೆ. ಹಾಗಂತ ಯಾರೂ ಹೂವನ್ನು ಅರೆದು ಕುಡಿಸುವುದಿಲ್ಲ, ಕುಡಿಸಲೂಬಾರದು, ಅದು ವಿಷ. ಔಷಧಿಯನ್ನು ಬೇರ್ಪಡಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ಆಲಿವ್ ಎಣ್ಣೆಯ ಅಂಶಗಳು ಇನ್ನೂ ಆ ಹಂತಕ್ಕೆ ಬಂದಿಲ್ಲ.

ಹಾಗಾದರೆ ಚಿಕಿತ್ಸೆಯ ಜೊತೆಗೆ ಬಳಸಬಹುದೇ? ಅಡುಗೆಗೆ, ಧಾರಾಳವಾಗಿ. ಕೀಮೋ ಆದವರಿಗೆ ಊಟ ಸೇರದೆ ತೂಕ ಇಳಿಯುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಬೇಯಿಸಿದ ಪಲ್ಯದ ಮೇಲೋ, ಬಿಸಿ ಅನ್ನದ ಮೇಲೋ ಹಾಕಿ ಕೊಡಿ. ಭೇದಿ ಇದ್ದರೆ ಮಾತ್ರ ಎಣ್ಣೆ ಕಡಿಮೆ ಮಾಡಿ. ಅಂಗಡಿಯಲ್ಲಿ ಪೊಮೆಸ್, ಲೈಟ್ ಎಂದು ಬರೆದ ಬಾಟಲಿಗಳೂ ಇರುತ್ತವೆ. ಅವು ಶುದ್ಧೀಕರಿಸಿದ ಎಣ್ಣೆಗಳು, ನಾವು ಹೇಳುತ್ತಿರುವ ಘಾಟಿನ ಅಂಶ ಅವುಗಳಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ದುಡ್ಡಿಗೆ ಕಷ್ಟವಿದ್ದರೆ ಕಡಲೆಕಾಯಿ ಎಣ್ಣೆಯೇ ಸಾಕು. ಸಾಲ ಮಾಡಿ ಆಲಿವ್ ಎಣ್ಣೆ ತರಬೇಡಿ.

ಆಲಿವ್ ಎಲೆಯ ಸಾರ ತುಂಬಿದ ಕ್ಯಾಪ್ಸೂಲ್‌ಗಳದು ಬೇರೆ ಮಾತು. ಅವು ಬಿಪಿ, ಶುಗರ್ ಇಳಿಸಬಹುದು, ಕೀಮೋ ಔಷಧಿಗಳ ಜೊತೆ ಹೊಂದದಿರಬಹುದು. ಡಾಕ್ಟರ್ ಬೈತಾರೆ ಅಂತ ಬಚ್ಚಿಡುವವರು ಬಹಳ. ದಯವಿಟ್ಟು ಬಚ್ಚಿಡಬೇಡಿ. ಇನ್ನು ಚಿಕಿತ್ಸೆಯನ್ನೇ ಬಿಟ್ಟುಬಿಡುವವರ ಬಗ್ಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಗುಣವಾಗಬಲ್ಲ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಮದ್ದು ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗೂ ಹೆಚ್ಚು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಕ್ಯಾಪ್ಸೂಲ್, ಕಷಾಯ, ಪುಡಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಕೀಮೋ ಮುಗಿಯುವ ತನಕ ನಿಲ್ಲಿಸಬೇಕು ಎಂದು ಅವರೇ ಹೇಳುತ್ತಾರೆ. ನಮಸ್ಕಾರ.