ಬೆರಳಿಗೆ ಬೇವಿನೆಣ್ಣೆ ಹಚ್ಚುವ ಮೊದಲು

ಎಲ್ಲರಿಗೂ ನಮಸ್ಕಾರ. ಯುಕೆಜಿ, ಒಂದನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರ ಸಭೆ ಅಂತ ಹೆಡ್‌ಮೇಡಂ ಕರೆದಿದ್ದರು. ನೋಡಿದರೆ ಮುಂದಿನ ಸಾಲಿನಲ್ಲಿ ಅಜ್ಜಿಯರೇ ಜಾಸ್ತಿ. ಒಳ್ಳೆಯದೇ ಆಯಿತು. ಬೆರಳು ಚೀಪುವ ವಿಷಯದಲ್ಲಿ ಮನೆಯ ಹೈಕೋರ್ಟು ಅವರೇ ಅಲ್ವಾ?

ಬೆರಳು ಚೀಪುವುದು ಕೆಟ್ಟ ಬುದ್ಧಿಯಲ್ಲ. ಹೊಟ್ಟೆಯಲ್ಲಿರುವಾಗಲೇ ಮಗು ಚೀಪುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಮಾಂಧಾತನ ಕಥೆ ನಿಮಗೆ ಗೊತ್ತಲ್ಲ, ಅಪ್ಪನ ಹೊಟ್ಟೆಯಿಂದ ಹುಟ್ಟಿದ ಆ ಕೂಸಿಗೆ ಹಾಲಿಗೇನು ಗತಿ ಅಂದಾಗ ಇಂದ್ರ ತನ್ನ ಬೆರಳನ್ನೇ ಬಾಯಿಗಿಟ್ಟ. ಆಲದೆಲೆಯ ಕೃಷ್ಣ ಕಾಲ್ಬೆರಳನ್ನೇ ಚೀಪುತ್ತಾನೆ. ಅವನ ಹಲ್ಲಿನ ಬಗ್ಗೆ ಯಶೋದೆ ದೂರು ತಂದಿದ್ದು ಕೇಳಿಲ್ಲ, ಬಿಡಿ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತವೆ. ಅಷ್ಟರವರೆಗೆ ಸುಮ್ನೆ ಇರಿ.

ನನ್ನ ತಕರಾರು ಇರುವುದು ಆಮೇಲಿನ ಲೆಕ್ಕದಲ್ಲಿ. ಮಗು ಎಷ್ಟು ಜೋರಾಗಿ ಚೀಪುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಗಂಟೆ ಚೀಪುತ್ತದೆ ಅಂತ ಯಾರೂ ಹೇಳುವುದಿಲ್ಲ. ಹಲ್ಲನ್ನು ಸರಿಸಲು ದೊಡ್ಡ ಬಲ ಬೇಡ. ನಾವು ಹಾಕುವ ಕ್ಲಿಪ್ಪೂ ಮೆಲ್ಲಗೆ, ಬಿಡದೆ ಒತ್ತಿಯೇ ಹಲ್ಲು ಸರಿಸುವುದು. ಬೆರಳೂ ಅಷ್ಟೇ. ದಿನಕ್ಕೆ ಸುಮಾರು 6 ಗಂಟೆ ಬಾಯಲ್ಲಿದ್ದರೆ ಹಲ್ಲು ಜಾಗ ಬಿಡುತ್ತದೆ.

ಒಬ್ಬ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಮನೆಮದ್ದೆಲ್ಲ ಮುಗಿದಿತ್ತು. ಮೊದಲು ಬೇವಿನೆಣ್ಣೆ. ಹುಡುಗಿ ಅದನ್ನು ನೀಟಾಗಿ ಅಜ್ಜಿಯ ಸೆರಗಿಗೇ ಒರೆಸಿ ಬೆರಳು ಬಾಯಿಗಿಟ್ಟಳು. ಆಮೇಲೆ ಹಾಗಲಕಾಯಿ ರಸ. ಎರಡು ದಿನ ಮುಖ ಸಿಂಡರಿಸಿದಳು, ಮೂರನೇ ದಿನ ಅದನ್ನೂ ಚೀಪಿ ಮುಗಿಸಿದಳು. "ಈಗ ಹಾಗಲಕಾಯಿ ಪಲ್ಯ ಕೇಳಿ ಹಾಕಿಸ್ಕೊಂಡು ತಿಂತಾಳೆ ಡಾಕ್ಟ್ರೇ, ಅದೊಂದು ಲಾಭ ಆಯ್ತು" ಅಂದರು. ಕೊನೆಗೆ ಖಾರದ ಪುಡಿ. ಆ ಕೈಯಲ್ಲಿ ಕಣ್ಣುಜ್ಜಿಕೊಂಡು ಮನೆಮಂದಿಯೆಲ್ಲ ರಾತ್ರಿಯಿಡೀ ಜಾಗರಣೆ. ದಯವಿಟ್ಟು ಖಾರ ಮಾತ್ರ ಹಚ್ಚಬೇಡಿ.

"ಹಗಲೆಲ್ಲ ಕಾವಲು ಕಾಯ್ತೀನಿ, ಒಂದು ಸಲ ಬಾಯಿಗೆ ಹಾಕೋಕೆ ಬಿಡಲ್ಲ" ಅಂದರು. ರಾತ್ರಿ ಅಜ್ಜಿ? "ರಾತ್ರಿ ಪಾಪ, ಚೀಪ್ಕೊಂಡು ಮಲಗಿರ್ತಾಳೆ. ನಿದ್ದೆಗೆಡಿಸೋಕೆ ಮನಸ್ಸು ಬರಲ್ಲ."

ನೋಡಿ, ಮತ್ತೆ ಗಂಟೆಯ ಲೆಕ್ಕಕ್ಕೇ ಬಂದೆವು. ಹಗಲಿನ ಹತ್ತು ನಿಮಿಷಕ್ಕೆ ಬೈಗುಳ, ರಾತ್ರಿಯ ಎಂಟು ಗಂಟೆಗೆ ಮಾಫಿ.

ಆ ಹುಡುಗಿ ಹಲ್ಲು ಕಚ್ಚಿದಾಗ ಹಿಂದಿನ ಹಲ್ಲು ಕೂಡುತ್ತಿದ್ದವು, ಮುಂದಿನವು ಕೂಡುತ್ತಿರಲಿಲ್ಲ. ನಡುವೆ ಅವಳ ಹೆಬ್ಬೆರಳು ಸರಿಯಾಗಿ ಕೂರುವಷ್ಟು ಜಾಗ. ಮೇಲಿನ ಹಲ್ಲು ಮುಂದಕ್ಕೆ ಉಬ್ಬಿ, ಕೆಳಗಿನವು ಒಳಕ್ಕೆ ವಾಲಿದ್ದವು. ಇನ್ನೊಂದು ಸಂಗತಿ ಕನ್ನಡಿಯಲ್ಲಿ ಕಾಣುವುದಿಲ್ಲ. ಬೆರಳು ಬಾಯಲ್ಲಿದ್ದಾಗ ನಾಲಿಗೆ ಕೆಳಗಿಳಿಯುತ್ತದೆ. ಮೇಲಿನ ದವಡೆಗೆ ಒಳಗಿನಿಂದ ಆಸರೆ ತಪ್ಪುತ್ತದೆ, ಹೊರಗಿನಿಂದ ಕೆನ್ನೆ ಒತ್ತುತ್ತಲೇ ಇರುತ್ತದೆ. ದವಡೆ ಇಕ್ಕಟ್ಟಾಗುತ್ತದೆ. ಬೆರಳು ಬಿಟ್ಟರೆ ಮುಂದಿನ ಸಂದು ಎಷ್ಟೋ ಸಲ ತಾನಾಗಿಯೇ ಮುಚ್ಚುತ್ತದೆ. ಈ ಇಕ್ಕಟ್ಟು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ.

ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ ಅನ್ನುವವರು ಇದ್ದಾರೆ. ಹಲ್ಲು ಬೀಳುತ್ತದೆ, ದವಡೆ ಬೀಳುವುದಿಲ್ಲವಲ್ಲ! ಕೆಳಗಿನ ಮುಂದಿನ ಶಾಶ್ವತ ಹಲ್ಲು 6ರಿಂದ 7ನೇ ವರ್ಷಕ್ಕೆ, ಮೇಲಿನವು 7ರಿಂದ 8ಕ್ಕೆ ಬರುತ್ತವೆ. ಅಷ್ಟರೊಳಗೆ ಅಭ್ಯಾಸ ಬಿಡಿಸಬೇಕು. ಅದಕ್ಕೇ ನಿಮ್ಮ ಮಕ್ಕಳ ಕ್ಲಾಸನ್ನೇ ಆರಿಸಿಕೊಂಡು ಬಂದಿದ್ದೇನೆ.

ಆ ಹುಡುಗಿಯನ್ನೇ ಕೇಳಿದೆ, ಬಿಡಬೇಕು ಅಂತ ನಿನಗೆ ಅನಿಸುತ್ತಾ ಪುಟ್ಟಿ ಅಂತ. ತಲೆಯಾಡಿಸಿದಳು. ಮಲಗುವ ಮುಂಚೆ ಮೊಣಕೈಗೆ ಸಡಿಲವಾಗಿ ಬ್ಯಾಂಡೇಜ್ ಸುತ್ತಿಸಿದೆವು. ನಿದ್ದೆ ಬಂದಂತೆ ಕೈ ನೆಟ್ಟಗಾಗುತ್ತದೆ, ಬೆರಳು ತಾನೇ ಹೊರಗೆ ಬರುತ್ತದೆ. ಸಡಿಲವಾಗಿ, ನೆನಪಿರಲಿ. ಚೀಪದ ರಾತ್ರಿಗೆ ಕ್ಯಾಲೆಂಡರಿನಲ್ಲಿ ಒಂದು ನಕ್ಷತ್ರ. ಸ್ವಲ್ಪ ದಿನಕ್ಕೆ ಅವಳೇ ಬ್ಯಾಂಡೇಜ್ ಹಿಡಿದು ಅಜ್ಜಿಯನ್ನು ಎಬ್ಬಿಸುತ್ತಿದ್ದಳಂತೆ.

ಊಟದ ಹೊತ್ತಾಯಿತು ಅಂತ ಚೀಟಿ ಬಂತು. ಇನ್ನೂ ಮೂರು ವಿಷಯ ಇತ್ತು, ಓಡಿಸಿಬಿಡುತ್ತೇನೆ. ರಬ್ಬರ್ ನಿಪ್ಪಲ್ ಬಹಳ ಕಾಲ ಬಿಡದಿದ್ದರೂ ಹಲ್ಲಿಗೆ ಇದೇ ಪಾಡು. ಉಬ್ಬುಹಲ್ಲಿನ ಮಕ್ಕಳು ಬಿದ್ದರೆ ಹಲ್ಲು ಮುರಿಯುವ ಸಂಭವ ಜಾಸ್ತಿ. ಅಂಗುಳಿಗೆ ಹಾಕುವ ತಂತಿಯ ಕಟ್ಟು ಕಡೆಯ ದಾರಿ, ಅದೂ ಮಗು ಒಪ್ಪಿದ ಮೇಲೆ.

ತೋರಿಸಬೇಕು ಅನ್ನುವವರು ಮಕ್ಕಳನ್ನು ಕಿಟಕಿ ಹತ್ತಿರ ಕರೆತನ್ನಿ, ಅಲ್ಲಿ ಬೆಳಕು ಚೆನ್ನಾಗಿದೆ. "ಇವನು ಚೀಪಲ್ಲ ಡಾಕ್ಟ್ರೇ" ಅಂದರೆ ನಾನು ಮೊದಲು ಕೈ ನೋಡುವವನು. ಚೀಪುವ ಬೆರಳು ಉಳಿದ ಒಂಬತ್ತಕ್ಕಿಂತ ಚೊಕ್ಕಟವಾಗಿರುತ್ತದೆ, ಗೆಣ್ಣಿನ ಮೇಲೆ ಜಡ್ಡೂ ಕಟ್ಟಿರುತ್ತದೆ.