ಸ್ಟಾಕ್ ಓವರ್‌ಫ್ಲೋದಲ್ಲಿ ನಿಮ್ಮ ಎಡಿಟ್ ಎಂತಕ್ಕೆ ರಿಜೆಕ್ಟ್ ಆಗ್ತದೆ?

ಎಲ್ಲರಿಗೂ ನಮಸ್ಕಾರ, ಬದಿಯಡ್ಕದಿಂದ ಮಾತಾಡ್ತಾ ಇದ್ದೇನೆ. ಸ್ಟಾಕ್ ಓವರ್‌ಫ್ಲೋ ಅಂದ್ರೆ ಪ್ರೋಗ್ರಾಮಿಂಗ್ ಬಗ್ಗೆ ಪ್ರಶ್ನೆ ಕೇಳುವ, ಉತ್ತರ ಕೊಡುವ ವೆಬ್‌ಸೈಟ್, ಅಲ್ಲಿ ಬೇರೆಯವರು ಬರೆದದ್ದನ್ನೂ ನಾವು ತಿದ್ಲಿಕ್ಕೆ ಆಗ್ತದೆ. ನಮ್ಮೂರಿನ ಕಾಲೇಜು ಮಕ್ಕಳು ಸುಮಾರು ಜನ ಕೇಳುದುಂಟು, "ಅಣ್ಣ, ಒಳ್ಳೇದಾಗ್ಲಿ ಅಂತ ತಿದ್ದಿದ್ದು, ಆದ್ರೂ ರಿಜೆಕ್ಟ್ ಮಾಡಿದ್ರು, ಎಂತ ತಪ್ಪಾಯ್ತು?" ಅಂತ. ಬೇಜಾರಾಗುದು ಸಹಜ ಮಾರಾಯ್ರೆ.

ರೆಪ್ಯುಟೇಶನ್, ಅಂದ್ರೆ ಆ ಸೈಟಲ್ಲಿ ನಿಮಗೆ ಸಿಗುವ ಪಾಯಿಂಟ್, 2000 ಆಗುವವರೆಗೆ ನಿಮ್ಮ ಎಡಿಟ್ ಬರೀ ಸಲಹೆ ಅಷ್ಟೆ, ಅದು ರಿವ್ಯೂ ಕ್ಯೂಗೆ ಹೋಗ್ತದೆ, ಅಲ್ಲಿ ಬೇರೆ ಸದಸ್ಯರು ನೋಡಿ ಓಟು ಹಾಕ್ತಾರೆ, ಪೋಸ್ಟ್ ಹಾಕಿದವರಾದ್ರೆ ಅವರೊಬ್ರು ಬೇಡ ಅಂದ್ರೂ ಮುಗೀತು. ಪಾಸಾದ್ರೆ ನಿಮಗೆ 2 ಪಾಯಿಂಟ್.

[ಸ್ಕ್ರೀನಲ್ಲಿ: ಪೈಥಾನ್ ಕೋಡ್, ಎರಡು ಸಾಲು]

ಇದು ಒಬ್ರು ತಮ್ಮ ಪ್ರಶ್ನೆಯಲ್ಲಿ ಹಾಕಿದ ಕೋಡ್, ಸ್ವಲ್ಪ ಹತ್ತಿರದಿಂದ ನೋಡಿ. ಮೇಲೆ ಫಾರ್ ಲೂಪ್ ಉಂಟು, ಕೆಳಗೆ ಪ್ರಿಂಟ್, ಆದ್ರೆ ಪ್ರಿಂಟಿನ ಮುಂದೆ ಸ್ಪೇಸೇ ಇಲ್ಲ, ಎಡಕ್ಕೆ ಅಂಟಿ ಕೂತಿದೆ. ನೀವು "ಪಾಪ, ಪೇಸ್ಟ್ ಮಾಡುವಾಗ ಹೋಗಿರ್ಬೇಕು" ಅಂತ ಸ್ಪೇಸ್ ಹಾಕಿ, ಒಂದೆರಡು ಸ್ಪೆಲ್ಲಿಂಗೂ ಸರಿ ಮಾಡಿ ಕಳಿಸ್ತೀರಿ. ಆದ್ರೆ ಆ ಪ್ರಶ್ನೆ ಹಾಕಿದವ್ರು ಕೇಳಿದ್ದೇ ಇಂಡೆಂಟೇಶನ್ ಎರರ್, ಅಂದ್ರೆ ಸಾಲಿನ ಮುಂದಿನ ಸ್ಪೇಸ್ ಸರಿ ಇಲ್ಲದಿದ್ರೆ ಪೈಥಾನ್ ಕೊಡುವ ಎರರ್, ಯಾಕೆ ಬರ್ತದೆ ಅಂತ! ಈಗ ಕೋಡ್ ಚಂದ ಓಡ್ತದೆ, ಕೇಳ್ಲಿಕ್ಕೆ ಪ್ರಶ್ನೆಯೇ ಉಳೀಲಿಲ್ಲ, ಕೆಳಗೆ ಕೂತು ಉತ್ತರ ಬರೆದವರ ಶ್ರಮವೂ ನೀರಲ್ಲಿ ಹೋಮ. ಆ ಸ್ಪೇಸಿನ ವಿಷಯ ನೀವು ಉತ್ತರದಲ್ಲಿ ಬರೀಬೇಕಾದ್ದು, ಪ್ರಶ್ನೆಯ ಕೋಡನ್ನ ಮುಟ್ಬಾರ್ದು.

ಇನ್ನೊಂದು, ಬ್ರಿಟಿಷ್ ಸ್ಪೆಲ್ಲಿಂಗಲ್ಲಿ ಬರೆದ 'ಕಲರ್' ಶಬ್ದದಿಂದ ಯು ತೆಗೆದು ಅಮೆರಿಕದ್ದು ಮಾಡುದು. ಇದು ನಮ್ಮ ಕಾಸರಗೋಡಿನವರಿಗೆ ಬೇಗ ಅರ್ಥ ಆಗ್ಬೇಕು. ನಾವು 'ಉಂಟು', 'ಎಂತ' ಅಂತ ಬರೆದದ್ದನ್ನ ಯಾರೋ ಬಂದು 'ಇದೆ', 'ಏನು' ಅಂತ ತಿದ್ದಿದ್ರೆ ಹೇಗಾಗ್ತದೆ ಹೇಳಿ, ಅಲ್ಲಿ ತಪ್ಪೇ ಇರ್ಲಿಲ್ಲ ಅಲ್ವಾ? ಅದಕ್ಕೇ ಅಂಥದ್ದಕ್ಕೆ "ಎಂತ ಸುಧಾರಣೆಯೂ ಇಲ್ಲ" ಅನ್ನುವ ಕಾರಣ ಕೊಟ್ಟು ವಾಪಸ್ ಕಳಿಸ್ತಾರೆ.

ಕಾಮೆಂಟ್ ಮಾಡ್ಲಿಕ್ಕೆ 50 ರೆಪ್ಯುಟೇಶನ್ ಬೇಕು, ಅದಿಲ್ಲ ಅಂತ ಇನ್ನೊಬ್ಬರ ಉತ್ತರದ ಒಳಗೇ ಹೋಗಿ "ನನಗೆ ಇದು ವರ್ಕ್ ಆಗ್ಲಿಲ್ಲ" ಅಂತ ಸೇರಿಸುವವರೂ ಇದ್ದಾರೆ. ದಯವಿಟ್ಟು ಬೇಡ. ರಿಜೆಕ್ಟ್ ಜಾಸ್ತಿ ಆದ್ರೆ 7 ದಿನ ಎಡಿಟ್ ಕೊಡ್ಲಿಕ್ಕೇ ಆಗುದಿಲ್ಲ.

ಪಾಸಾಗುವಂಥದ್ದು ಬೇಕಾ? ಕೋಡೆಲ್ಲ ಮಾಮೂಲಿ ಬರಹದ ಜೊತೆ ಕಲಸಿ ಹೋಗಿರ್ತದಲ್ಲ, ಅದನ್ನ ಕೋಡ್ ಬ್ಲಾಕಿಗೆ ಹಾಕಿ, ಒಂದಕ್ಷರ ಬದಲಿಸದೆ. ಫೋಟೋದಲ್ಲಿರುವ ಎರರ್ ಮೆಸೇಜನ್ನ ಟೈಪ್ ಮಾಡಿ ಕೊಡಿ. ಆ ಪೋಸ್ಟಲ್ಲಿ ಕಾಣುವ ಬೇರೆ ತಪ್ಪನ್ನೂ ಅದೇ ಎಡಿಟಲ್ಲಿ ಸರಿ ಮಾಡಿ, ಆಮೇಲೆ ಕೆಳಗಿನ ಸಣ್ಣ ಬಾಕ್ಸಲ್ಲಿ ಎಂತ ಬದಲಿಸಿದ್ದು, ಯಾಕೆ ಅಂತ ಒಂದು ಸಾಲು ಬರೆದು ಕಳಿಸಿ.