ಮೂರು ಗಂಟೆಗೊಂದು ಬಾಟಲಿ ಹಾಲು

ಕೇಳುಗರೇ, ನಮಸ್ಕಾರ.

ಇವತ್ತು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಆಫ್ರಿಕಾದ ಕೀನ್ಯಾಕ್ಕೆ. ಅದರ ರಾಜಧಾನಿ ನೈರೋಬಿಗೆ ಅಂಟಿಕೊಂಡೇ ಒಂದು ಕಾಡಿದೆ. 1946ರಿಂದ ಅದು ರಾಷ್ಟ್ರೀಯ ಉದ್ಯಾನ. ಮುಂದೆ ಸಿಂಹ, ಜಿರಾಫೆ ಓಡಾಡುವ ಹುಲ್ಲುಗಾವಲು, ಹಿಂದೆ ನಗರದ ಎತ್ತರದ ಕಟ್ಟಡಗಳು. ಆ ಕಾಡಿನ ಅಂಚಿನಲ್ಲಿ ಮರದ ಹಲಗೆಯ ಸಣ್ಣ ಸಣ್ಣ ಕೊಟ್ಟಿಗೆಗಳಿವೆ. ಒಳಗೆ ಒಣಹುಲ್ಲು ಹಾಸಿದೆ. ಹುಲ್ಲಿನ ಮೇಲೆ ಒಂದು ಆನೆಮರಿ ಮಲಗಿದೆ, ಮೈಮೇಲೆ ಕಂಬಳಿ ಹೊದ್ದುಕೊಂಡು. ಅದೇ ಕೊಟ್ಟಿಗೆಯ ಒಂದು ಮೂಲೆಯಲ್ಲಿ, ಸ್ವಲ್ಪ ಎತ್ತರದ ಮಂಚದ ಮೇಲೆ, ಒಬ್ಬ ಮನುಷ್ಯ ಮಲಗಿದ್ದಾನೆ. ನಡುರಾತ್ರಿ ಮರಿಗೆ ಎಚ್ಚರವಾಗುತ್ತದೆ. ಸೊಂಡಿಲು ಚಾಚಿ ಆ ಮನುಷ್ಯನನ್ನು ಮುಟ್ಟಿ ನೋಡುತ್ತದೆ. ಇದ್ದಾನೆ ಅಂತ ಗೊತ್ತಾದ ಮೇಲೆ ಮತ್ತೆ ನಿದ್ದೆ ಹೋಗುತ್ತದೆ.

ಇದು ತಾಯಿ ಕಳೆದುಕೊಂಡ ಆನೆಮರಿಗಳನ್ನು ಸಾಕುವ ಜಾಗ. ಶೆಲ್ಡ್ರಿಕ್ ವೈಲ್ಡ್‌ಲೈಫ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಇಲ್ಲಿ ಎಳೆಮರಿಗಳಿಗೆ ಹಗಲು ರಾತ್ರಿ ಮೂರು ಗಂಟೆಗೊಂದು ಸಲ ಹಾಲು. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ.

ಆನೆಯ ಬಸಿರು 22 ತಿಂಗಳು. ಹುಟ್ಟಿದಾಗಲೇ ಮರಿ ಸುಮಾರು ನೂರು ಕಿಲೋ ತೂಗುತ್ತದೆ. ಆದರೆ ಆ ಗಾತ್ರ ನೋಡಿ ಮೋಸ ಹೋಗಬಾರದು. ಸೊಂಡಿಲನ್ನು ಹೇಗೆ ಬಳಸಬೇಕು ಅನ್ನುವುದೇ ಅದಕ್ಕೆ ಗೊತ್ತಿರುವುದಿಲ್ಲ. ಅದನ್ನು ಕಾಲಲ್ಲಿ ತುಳಿದುಕೊಳ್ಳುತ್ತದೆ, ಬಾಯಿಗಿಟ್ಟುಕೊಂಡು ಚೀಪುತ್ತದೆ. ನೀರು ಕುಡಿಯಬೇಕಾದರೆ ಮಂಡಿಯೂರಿ ಬಾಯಿಯನ್ನೇ ನೀರಿಗೆ ಇಡುತ್ತದೆ. ಬಿಸಿಲು ಜೋರಾದರೆ ತಾಯಿಯ ಹೊಟ್ಟೆಯ ಕೆಳಗೆ ನಿಲ್ಲುತ್ತದೆ. ಕನಿಷ್ಠ ಎರಡು ವರ್ಷ ಹಾಲಿಲ್ಲದೆ ಬದುಕುವುದಿಲ್ಲ. ತಾಯಿ ಸತ್ತರೆ ಮರಿಯ ಹಾಲೂ ಹೋಯಿತು, ನೆರಳೂ ಹೋಯಿತು.

ಸರಿ, ಹಾಲು ತಾನೇ, ದನದ ಹಾಲು ಕುಡಿಸಿದರಾಯಿತು ಅಂತ ನಿಮಗೆ ಅನ್ನಿಸಬಹುದು. ಮೊದಮೊದಲು ಎಲ್ಲರೂ ಹಾಗೇ ಮಾಡಿದರು. ಮರಿಗಳು ಭೇದಿ ಹತ್ತಿ ಒಂದೊಂದಾಗಿ ಸತ್ತವು. ಇದಕ್ಕೆ ದಾರಿ ಹುಡುಕಿದವರು ಡ್ಯಾಫ್ನಿ ಶೆಲ್ಡ್ರಿಕ್. 1934ರಲ್ಲಿ ಕೀನ್ಯಾದಲ್ಲೇ ಹುಟ್ಟಿದ ಹೆಣ್ಣುಮಗಳು. ಗಂಡ ಡೇವಿಡ್ ಶೆಲ್ಡ್ರಿಕ್ ತ್ಸಾವೊ ಪೂರ್ವ ಕಾಡಿನ ಮೊದಲ ವಾರ್ಡನ್. ಪೂರ್ವ, ಪಶ್ಚಿಮ ಎರಡೂ ಸೇರಿದರೆ ತ್ಸಾವೊ 20 ಸಾವಿರ ಚದರ ಕಿಲೋಮೀಟರಿಗಿಂತ ಜಾಸ್ತಿ. ನಮ್ಮ ಕೊಡಗು ಜಿಲ್ಲೆಯಂಥ ಐದು ಜಿಲ್ಲೆ ಅದರೊಳಗೆ ಕೂರುತ್ತವೆ. ಮಣ್ಣು ಕೆಂಪು. ಆ ಮಣ್ಣು ಎರಚಿಕೊಂಡು ಅಲ್ಲಿನ ಆನೆಗಳೂ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ಆ ಕಾಡಿನ ನಡುವಿನ ಮನೆಗೆ ದಿಕ್ಕಿಲ್ಲದ ಮರಿಗಳು ಬರುತ್ತಲೇ ಇದ್ದವು. ಡ್ಯಾಫ್ನಿ ವರ್ಷಗಟ್ಟಲೆ ಬೇರೆ ಬೇರೆ ಹಾಲಿನ ಪುಡಿ ಕಲಸಿ ನೋಡಿದರು, ಅಳತೆ ಬದಲಿಸಿದರು, ಬರೆದಿಟ್ಟುಕೊಂಡರು.

ತೊಂದರೆ ಇದ್ದದ್ದು ಹಾಲಿನ ಕೊಬ್ಬಿನಲ್ಲಿ. ದನದ ಹಾಲಿನ ಕೊಬ್ಬು ಆನೆಮರಿಯ ಹೊಟ್ಟೆಗೆ ಒಗ್ಗುವುದಿಲ್ಲ. ಆನೆಯ ಹಾಲಿನ ಕೊಬ್ಬಿನ ಗುಣವೇ ಬೇರೆ. ಅದಕ್ಕೆ ತೀರಾ ಹತ್ತಿರ ಬರುವ ವಸ್ತು ಯಾವುದು ಗೊತ್ತಾ? ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ದಿನಾ ಬಳಸುವ ಕೊಬ್ಬರಿ ಎಣ್ಣೆ! ಕೊಬ್ಬರಿ ಎಣ್ಣೆ ಸೇರಿಸಿದ ಶಿಶುಗಳ ಹಾಲಿನ ಪುಡಿ ಕೊಟ್ಟಾಗ ಮರಿಯ ಭೇದಿ ನಿಂತಿತು. ನನಗಂತೂ ಇದನ್ನು ತಿಳಿದಾಗ ಮೈ ಜುಮ್ಮೆಂದಿತು.

ಹೀಗೆ ಬದುಕಿದ ಮರಿಯ ಹೆಸರು ಆಯಿಷಾ. 1974ರಲ್ಲಿ ಬಂದಾಗ ಅದು ಆಗತಾನೇ ಹುಟ್ಟಿದ ಕೂಸು. ಡ್ಯಾಫ್ನಿಯೇ ಅದಕ್ಕೆ ತಾಯಿ. ಅವರು ಹೋದಲ್ಲೆಲ್ಲಾ ಹಿಂದೆಯೇ ಬರುತ್ತಿತ್ತು. ಆರು ತಿಂಗಳು ಚೆನ್ನಾಗಿ ಬೆಳೆಯಿತು. ಆಮೇಲೆ ಡ್ಯಾಫ್ನಿ ತಮ್ಮ ಮಗಳ ಮದುವೆಗೆಂದು ಕೆಲವು ದಿನ ನೈರೋಬಿಗೆ ಹೋಗಬೇಕಾಯಿತು. ಹಾಲು ಅದೇ, ಅಳತೆ ಅದೇ, ಕುಡಿಸುವವರೂ ಇದ್ದರು. ಆದರೆ ಆಯಿಷಾ ಕುಡಿಯಲಿಲ್ಲ. ಅಮ್ಮ ಮತ್ತೆ ಬಿಟ್ಟುಹೋದಳು ಅಂದುಕೊಂಡಿತೋ ಏನೋ. ಕೊರಗಿ ಕೊರಗಿ ಸತ್ತೇಹೋಯಿತು.

ಕೇಳುಗರೇ, ಈ ಸಾವಿನ ಹತ್ತಿರ ಸ್ವಲ್ಪ ನಿಲ್ಲೋಣ. ಡ್ಯಾಫ್ನಿ ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದರು. ಆದರೆ ಒಬ್ಬರೇ ಪ್ರೀತಿಸಿದ್ದರು. ಆನೆಮರಿ ಹುಟ್ಟುವುದು ಒಬ್ಬ ತಾಯಿಗೆ ಮಾತ್ರ ಅಲ್ಲ, ಇಡೀ ಹಿಂಡಿಗೆ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕಂದಿರು ಎಲ್ಲರೂ ಅದರ ಸುತ್ತ ಇರುತ್ತಾರೆ. ಮರಿ ಕೆಸರಲ್ಲಿ ಜಾರಿದರೆ ನಾಲ್ಕು ಸೊಂಡಿಲು ಒಟ್ಟಿಗೆ ಎತ್ತಲು ಬರುತ್ತವೆ. ನಮ್ಮ ಹಳೆಯ ಕೂಡುಕುಟುಂಬದ ಹಾಗೆ ಅಲ್ವಾ? ಹಾಲಿನ ಅಳತೆ ಸರಿಹೋದ ಮೇಲೂ ಉಳಿದಿದ್ದ ಕೊರತೆ ಈ ಹಿಂಡು. ಅದು ಡ್ಯಾಫ್ನಿಗೆ ಆಯಿಷಾಳಿಂದ ಗೊತ್ತಾಯಿತು.

ಅಂದಿನಿಂದ ನಿಯಮ ಬದಲಾಯಿತು. ಇವತ್ತು ಆ ಕೊಟ್ಟಿಗೆಗಳಲ್ಲಿ ಒಂದು ಮರಿಗೆ ಒಬ್ಬನೇ ಪಾಲಕ ಅಂತ ಇಲ್ಲ. ಎಲ್ಲರೂ ಒಂದೇ ಥರದ ಹಸಿರು ಕೋಟು ಹಾಕುತ್ತಾರೆ. ಇವತ್ತು ಈ ಮರಿಯ ಜೊತೆ ಮಲಗಿದವನು ನಾಳೆ ಬೇರೆ ಕೊಟ್ಟಿಗೆಯಲ್ಲಿ ಮಲಗುತ್ತಾನೆ. ಮರಿ ಎಲ್ಲರನ್ನೂ ಹಚ್ಚಿಕೊಳ್ಳಬೇಕು, ಒಬ್ಬನನ್ನೇ ಅಲ್ಲ. ಒಬ್ಬನಿಗೆ ಜ್ವರ ಬಂತು, ಊರಿಗೆ ಹೋದ ಅಂದರೆ ಮರಿ ಅನಾಥ ಆಗಬಾರದು. ಹಾಲು ಕುಡಿಸುವುದರಲ್ಲೂ ಒಂದು ಉಪಾಯವಿದೆ. ಹುಟ್ಟಿ ಸ್ವಲ್ಪ ದಿನವಾದ ಮರಿ ಹಾಲು ಕುಡಿಯುವಾಗ ಸೊಂಡಿಲನ್ನು ತಾಯಿಯ ಮೈಗೆ ಒತ್ತಿಕೊಂಡಿರುತ್ತದೆ. ತಾಯಿಯ ಮೈ ಎಲ್ಲಿಂದ ತರುವುದು? ಒಂದು ದಪ್ಪ ಕಂಬಳಿ ನೇತುಹಾಕಿ, ಅದರ ಅಡಿಯಿಂದ ಬಾಟಲಿ ಹಿಡಿಯುತ್ತಾರೆ. ಮರಿ ಸೊಂಡಿಲನ್ನು ಕಂಬಳಿಗೆ ಒರಗಿಸಿ ನೆಮ್ಮದಿಯಾಗಿ ಕುಡಿಯುತ್ತದೆ. ಚಳಿಗೆ ಕಂಬಳಿ ಹೊದಿಸುತ್ತಾರೆ. ತೀರಾ ಎಳೆಮರಿಯಾದರೆ ಕಿವಿ ಸುಡದಂತೆ ಮುಲಾಮು ಹಚ್ಚುತ್ತಾರೆ. ಹಗಲು ಕಾಡಿಗೆ ಕರೆದುಕೊಂಡು ಹೋಗಿ ಸೊಪ್ಪು ಮೇಯಿಸುತ್ತಾರೆ, ಕೆಸರಿನಲ್ಲಿ ಉರುಳಾಡಿಸುತ್ತಾರೆ. 1987ರಲ್ಲಿ ಮಸಾಯಿ ಮಾರಾ ಕಡೆಯಿಂದ ಬಂದ ಓಲ್ಮೆಗ್ ಎಂಬ ಎಳೆಮರಿ ಹೀಗೆ ಬದುಕಿಕೊಂಡಿತು. ಅಲ್ಲಿಂದೀಚೆಗೆ 250ಕ್ಕೂ ಹೆಚ್ಚು ಮರಿಗಳು ಈ ಕೈಗಳಲ್ಲಿ ಬೆಳೆದಿವೆ. ಡೇವಿಡ್ 1977ರಲ್ಲಿ ತೀರಿಕೊಂಡರು, ಟ್ರಸ್ಟ್ ಶುರುವಾದದ್ದೂ ಅದೇ ವರ್ಷ. ಡ್ಯಾಫ್ನಿ 2018ರಲ್ಲಿ ಹೋದರು. ಈಗ ಅವರ ಮಗಳು ಆಂಜೆಲಾ ನೋಡಿಕೊಳ್ಳುತ್ತಾರೆ.

ನಮ್ಮ ದುಬಾರೆ, ಮತ್ತಿಗೋಡು, ಸಕ್ರೆಬೈಲು ಶಿಬಿರಗಳಲ್ಲೂ ಮಾವುತರು, ಕಾವಾಡಿಗಳು ಆನೆಯ ಜೊತೆಯಲ್ಲೇ ಬಾಳುತ್ತಾರೆ. ಅವರ ಅನುಭವ ದೊಡ್ಡದು. ಆದರೆ ನಮ್ಮಲ್ಲಿ ಸಾಕಿದ ಮರಿ ಸಾಮಾನ್ಯವಾಗಿ ಶಿಬಿರದ ಆನೆಯಾಗಿಯೇ ಉಳಿಯುತ್ತದೆ. ಕೀನ್ಯಾದವರು ಸಾಕುವುದು ಕಳಿಸಿಕೊಡುವುದಕ್ಕೆ. ಎರಡು ಮೂರು ವರ್ಷ ನೈರೋಬಿಯಲ್ಲಿದ್ದ ಮರಿಯನ್ನು ಲಾರಿಯಲ್ಲಿ ತ್ಸಾವೊಗೆ ಕರೆದೊಯ್ಯುತ್ತಾರೆ. ವೋಯಿ, ಇಥುಂಬಾ ಎಂಬಲ್ಲಿ ಕಾಡೊಳಗೇ ಆವರಣಗಳಿವೆ. ಬೆಳಿಗ್ಗೆ ಬಾಗಿಲು ತೆಗೆಯುತ್ತಾರೆ, ಸಂಜೆ ಬಂದರೆ ಒಳಗೆ ಸೇರಿಸುತ್ತಾರೆ. ಹಗಲು ಕಾಡಾನೆಗಳ ಪರಿಚಯ ಆಗುತ್ತದೆ. ಒಂದು ರಾತ್ರಿ ಹೊರಗೇ ಉಳಿಯುತ್ತದೆ. ಮತ್ತೆ ವಾಪಸ್ ಬರುತ್ತದೆ. ಪೂರ್ತಿ ಕಾಡಿನದಾಗಲು ಕೆಲವಕ್ಕೆ ಹತ್ತು ವರ್ಷವೂ ಹಿಡಿಯುತ್ತದೆ. ಯಾವಾಗ ಹೋಗಬೇಕು ಅಂತ ತೀರ್ಮಾನ ಮಾಡುವುದು ಆನೆಯೇ.

ಎಲಿನಾರ್ ಎಂಬ ಹೆಣ್ಣಾನೆಯ ಮಾತು ಹೇಳದೆ ಮುಂದೆ ಹೋಗಲಾರೆ. 1960ರ ದಶಕದ ಶುರುವಿನಲ್ಲಿ, ಎರಡು ವರ್ಷದ ಮರಿಯಾಗಿದ್ದಾಗ ಉತ್ತರದ ಸಂಬೂರು ಕಡೆಯಿಂದ ತ್ಸಾವೊಗೆ ಬಂತು. ತಾನೇ ತಬ್ಬಲಿ. ಆದರೆ ಆಮೇಲೆ ಬಂದ ತಬ್ಬಲಿಗಳನ್ನೆಲ್ಲಾ ತನ್ನ ಹೊಟ್ಟೆಯಲ್ಲಿ ಹುಟ್ಟಿದವೇನೋ ಎಂಬಂತೆ ಹತ್ತಿರ ಸೇರಿಸಿಕೊಂಡಿತು. ದಶಕಗಳ ಕಾಲ ಅಲ್ಲಿನ ಹಿರಿಯಕ್ಕನ ಹಾಗಿತ್ತು. ಕೊನೆಗೆ ಕಾಡಾನೆಗಳ ಜೊತೆ ಹೊರಟುಹೋಯಿತು.

ಈಗ ಇನ್ನೊಂದು ಮಾತು. ಇಷ್ಟೊಂದು ಮರಿಗಳು ತಬ್ಬಲಿ ಆಗುವುದು ಹೇಗೆ?

ಮೊದಲ ಕಾರಣ ದಂತ. ನಮ್ಮ ಆನೆಗಳಲ್ಲಿ ಗಂಡಿಗೆ ಮಾತ್ರ ದೊಡ್ಡ ದಂತ. ಆಫ್ರಿಕಾದಲ್ಲಿ ಹೆಣ್ಣಾನೆಗೂ ಇದೆ. ಹಾಗಾಗಿ ಅಲ್ಲಿ ತಾಯಂದಿರೂ ಗುಂಡಿಗೆ ಬಲಿ. ದೊಡ್ಡ ದಂತ ಇರುವುದು ವಯಸ್ಸಾದ ಆನೆಗೆ. ಹಿಂಡಿನ ಹಿರಿಯಜ್ಜಿಗೆ. ಬರಗಾಲದಲ್ಲಿ ಎಲ್ಲಿ ನೀರು ಸಿಗುತ್ತದೆ ಅಂತ ಗೊತ್ತಿರುವುದೂ ಅವಳಿಗೇ. ಅವಳನ್ನು ಕೊಂದರೆ ಹಿಂಡಿನ ನೆನಪೇ ಅಳಿಸಿಹೋಗುತ್ತದೆ. 1970ರ ದಶಕದ ಶುರುವಿನಲ್ಲಿ ಕೀನ್ಯಾದಲ್ಲಿ ಸುಮಾರು 1,67,000 ಆನೆಗಳಿದ್ದವು. 1989ರ ಹೊತ್ತಿಗೆ ಉಳಿದದ್ದು 16,000. ಹತ್ತರಲ್ಲಿ ಒಂಬತ್ತು ಇಲ್ಲ!

ಆ ವರ್ಷ ಜುಲೈನಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಹನ್ನೆರಡು ಟನ್ ದಂತದ ರಾಶಿಗೆ ತಾವೇ ಬೆಂಕಿ ಹಚ್ಚಿದರು. ಮಾರಿದ್ದರೆ ಕೋಟಿಗಟ್ಟಲೆ ಹಣ ಬರುತ್ತಿತ್ತು. ಬಡ ದೇಶ, ಹಣ ಬೇಡವಾಗಿತ್ತೇ? ಆದರೂ ಸುಟ್ಟರು. ಅದೇ ವರ್ಷದ ಕೊನೆಗೆ ಜಗತ್ತಿನ ದೇಶಗಳು ಸೇರಿ ದೇಶ ದೇಶಗಳ ನಡುವಿನ ದಂತದ ವ್ಯಾಪಾರವನ್ನು ನಿಷೇಧಿಸಿದವು. 2016ರಲ್ಲಿ ಕೀನ್ಯಾ ಮತ್ತೆ 105 ಟನ್ ಸುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 2014ರಲ್ಲಿ, ತ್ಸಾವೊದ ಹೆಸರಾಂತ ಆನೆ ಸಟಾವೊವನ್ನು ವಿಷದ ಬಾಣ ಹೊಡೆದು ಕೊಂದಿದ್ದರು. ನೆಲಕ್ಕೆ ತಾಗುವಷ್ಟು ಉದ್ದದ ದಂತ ಅದರದ್ದು. ಕಾವಲು ಬಿಗಿಯಾಯಿತು, ಉರುಳು ಕಿತ್ತುಹಾಕುವ ತಂಡಗಳು ಕಾಡು ಸುತ್ತಿದವು, ವೈದ್ಯರು ಗಾಯಗೊಂಡ ಆನೆಗಳ ಬಳಿಗೇ ಹೋದರು. 2021ರ ಎಣಿಕೆಯಲ್ಲಿ ಕೀನ್ಯಾದಲ್ಲಿ 36,280 ಆನೆಗಳು ಸಿಕ್ಕವು. ಆ ಹದಿನಾರು ಸಾವಿರದಿಂದ ಇಲ್ಲಿಗೆ ಬರಲು ಮೂವತ್ತೆರಡು ವರ್ಷ ಬೇಕಾಯಿತು.

ಆದರೆ ಬೇಟೆಗಾರ ದೂರ ಹೋದರೂ ಬರಗಾಲ ಬಿಡುವುದಿಲ್ಲ. 2022ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ಬರದಿಂದಲೇ 205 ಆನೆಗಳು ಸತ್ತವು ಅಂತ ಅಲ್ಲಿನ ಸರ್ಕಾರ ಹೇಳಿತು. ಉತ್ತರದ ಸಂಬೂರು ನಾಡಿನಲ್ಲಿ ಹೊಳೆ ಬತ್ತಿದಾಗ ಜನ ಮರಳಿನಲ್ಲಿ ಆಳದ ಬಾವಿ ತೋಡುತ್ತಾರೆ. ಒಬ್ಬರ ಮೇಲೊಬ್ಬರು ನಿಂತು, ಹಾಡು ಹೇಳುತ್ತಾ ದನಗಳಿಗೆ ನೀರು ಮೊಗೆದು ಕೊಡುತ್ತಾರೆ. ರಾತ್ರಿ ಆ ಬಾವಿಗೆ ಆನೆಗಳೂ ಬರುತ್ತವೆ. ಬಾಯಾರಿದ ಮರಿ ಅಂಚಿನಿಂದ ಜಾರಿ ಒಳಗೆ ಬೀಳುತ್ತದೆ. ಹಿಂಡು ಕಾದು ಕಾದು, ಬೆಳಕು ಹರಿದು ಜನ ಬಂದ ಮೇಲೆ ಹೊರಟುಹೋಗುತ್ತದೆ.

ಅಂಥ ಮರಿಗಳಿಗಾಗಿ ಸಂಬೂರು ಜನ 2016ರಲ್ಲಿ ರೆಟೆಟಿ ಎಂಬಲ್ಲಿ ತಮ್ಮದೇ ಆಸರೆ ಕಟ್ಟಿಕೊಂಡರು. ಇದು ಊರವರದ್ದೇ ಜಾಗ. ಪಾಲಕರೂ ಅಲ್ಲಿನ ಹುಡುಗರು, ಹುಡುಗಿಯರು. ಮೊದಲು ಹೊರದೇಶದ ಹಾಲಿನ ಪುಡಿ ತರಿಸುತ್ತಿದ್ದರು. ಆಮೇಲೆ ಸುತ್ತಲಿನ ಹಳ್ಳಿಯ ಹೆಂಗಸರಿಂದ ಮೇಕೆ ಹಾಲು ಕೊಳ್ಳಲು ಶುರುಮಾಡಿದರು. ಬೆಳಿಗ್ಗೆ ಹೆಂಗಸರು ಹಾಲು ಕರೆದು ತಂದು ಕೊಡುತ್ತಾರೆ, ಕೈಗೆ ದುಡ್ಡು ಬರುತ್ತದೆ. ತನ್ನ ಮೇಕೆಯ ಹಾಲು ಕುಡಿದ ಆನೆಮರಿ ಬೆಳೆಯುವುದನ್ನು ನೋಡಿದವಳಿಗೆ ಆ ಆನೆ ಬೇರೆಯವರದ್ದು ಅನ್ನಿಸುವುದಿಲ್ಲ.

ಈ ಮಾತನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮೂರು ಸಕಲೇಶಪುರದ ಹತ್ತಿರ. ಆನೆ ಅಂದರೆ ನಮಗೆ ಗಣಪತಿಯೂ ಹೌದು, ರಾತ್ರಿಯ ಭಯವೂ ಹೌದು. ಕೊಯ್ಲಿಗೆ ಬಂದ ಗದ್ದೆ ಬೆಳಗಾಗುವಷ್ಟರಲ್ಲಿ ಮಟ್ಟಸವಾಗಿ ಬಿದ್ದಿರುವುದನ್ನು ನೋಡಿದ್ದೇನೆ. ಆ ಮನೆಯವರ ಮುಖವನ್ನೂ ನೋಡಿದ್ದೇನೆ. ಅವರಿಗೆ ಆನೆಯನ್ನು ಪ್ರೀತಿಸಿ ಅಂತ ಹೇಳುವ ಹಕ್ಕು ಪೇಟೆಯಲ್ಲಿ ಕೂತವರಿಗಿಲ್ಲ. ತ್ಸಾವೊ ಪಕ್ಕದ ಸಗಲ್ಲಾ ರೈತರದ್ದೂ ಇದೇ ಗೋಳು. ಅಲ್ಲಿ ಲೂಸಿ ಕಿಂಗ್ ಎಂಬ ವಿಜ್ಞಾನಿ ರೈತರ ಜೊತೆ ಸೇರಿ ಜೇನಿನ ಬೇಲಿ ಮಾಡಿದರು. ಆನೆಗೆ ಜೇನುನೊಣ ಅಂದರೆ ಹೆದರಿಕೆ. ಹೊಲದ ಸುತ್ತ ಕಂಬ ನೆಟ್ಟು, ಜೇನುಪೆಟ್ಟಿಗೆಗಳನ್ನು ತಂತಿಯಲ್ಲಿ ತೂಗುಹಾಕುತ್ತಾರೆ. ಆನೆ ತಂತಿಗೆ ತಾಗಿದರೆ ಪೆಟ್ಟಿಗೆಗಳೆಲ್ಲಾ ಅಲ್ಲಾಡುತ್ತವೆ, ನೊಣ ಏಳುತ್ತವೆ, ಆನೆ ಹಿಂದಿರುಗುತ್ತದೆ. ರೈತನಿಗೆ ಬೆಳೆಯೂ ಉಳಿಯಿತು, ಜೇನೂ ಸಿಕ್ಕಿತು. ಬರ ಬಂದರೆ ಜೇನು ಗೂಡು ಬಿಟ್ಟು ಹೋಗುತ್ತದೆ, ಆಗ ಬೇಲಿ ಬರಿದು. ಆದರೂ ಇದು ಬಂದೂಕಿಗಿಂತ ಎಷ್ಟೋ ಮೇಲು. 2021ರ ಮಾರ್ಚ್‌ನಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ನಮ್ಮ ಕೊಡಗಿನಲ್ಲೂ ಆನೆ ದಾಟುವ ಹಾದಿಗಳಲ್ಲಿ ಜೇನುಪೆಟ್ಟಿಗೆ ಇಡುವ ಪ್ರಯೋಗ ಶುರುಮಾಡಿತು.

ಕೊನೆಯದಾಗಿ ತ್ಸಾವೊದಿಂದ ಒಂದು ಸುದ್ದಿ. ಅಲ್ಲಿಗೆ ಕಳಿಸಿಕೊಟ್ಟ ಹೆಣ್ಣುಮರಿಗಳು ಬೆಳೆದು ಈಗ ತಾಯಂದಿರಾಗಿವೆ. ಹೆರಿಗೆಯಾದ ಸ್ವಲ್ಪ ದಿನಕ್ಕೆ ಎಷ್ಟೋ ಆನೆಗಳು ಕೂಸನ್ನು ನಡೆಸಿಕೊಂಡು ತಾವು ಬೆಳೆದ ಆವರಣದ ಹತ್ತಿರ ಬರುತ್ತವೆ. ತವರಿಗೆ ಮಗು ತೋರಿಸಲು ಬಂದ ಹಾಗೆ. ಜೊತೆಗೆ ಅತ್ತೆ ಚಿಕ್ಕಮ್ಮಂದಿರ ಹಿಂಡು. ಹಿಂದೆ ಬಾಟಲಿ ಹಿಡಿದು ಹಾಲು ಕುಡಿಸಿದ ಪಾಲಕ ಹತ್ತಿರ ಹೋಗಿ ನಿಂತರೂ ಆ ತಾಯಿ ತಡೆಯುವುದಿಲ್ಲ.

ಈಗ ನಮ್ಮಲ್ಲಿ ರಾತ್ರಿ ಎಂಟೂವರೆ. ನೈರೋಬಿಯಲ್ಲಿ ಸಂಜೆ ಆರು ಗಂಟೆ. ಮರಿಗಳು ಕಾಡಿನಿಂದ ವಾಪಸ್ ಬಂದಾಗಿದೆ. ಹಸಿರು ಕೋಟಿನ ಒಬ್ಬರು ಕಂಬಳಿ ಹೊದಿಸುತ್ತಿರುತ್ತಾರೆ, ಇನ್ನೊಬ್ಬರು ಒಂಬತ್ತು ಗಂಟೆಯ ಹಾಲಿಗೆ ಬಾಟಲಿ ತೊಳೆದಿಡುತ್ತಿರುತ್ತಾರೆ.

ನಮಸ್ಕಾರ.